ಅಗಲವಾದ ಹೆದ್ದಾರಿಗೆ ನಿಲ್ಲುವ ಜಾಗವೂ ಬೇಕು

ಮಾನ್ಯ ಸಂಪಾದಕರೇ,

ಗಬ್ಬೂರಿನಿಂದ ನರೇಂದ್ರದವರೆಗಿನ ಹುಬ್ಬಳ್ಳಿ–ಧಾರವಾಡ ಬೈಪಾಸಿನ ಅಗಲೀಕರಣ, ಅಂಕೋಲಾದಿಂದ ಹುಬ್ಬಳ್ಳಿಗೆ ಬರುವ ರಾಷ್ಟ್ರೀಯ ಹೆದ್ದಾರಿ 52, ಹುಬ್ಬಳ್ಳಿಯಿಂದ ಗದಗ ಮಾರ್ಗವಾಗಿ ಹೊಸಪೇಟೆಯತ್ತ ಸಾಗುವ ಹೆದ್ದಾರಿ 67, ಹಾವೇರಿ ಜಿಲ್ಲೆಯನ್ನು ಉದ್ದಕ್ಕೂ ಹಾಯ್ದು ಹೋಗುವ ಹೆದ್ದಾರಿ 48, ಇವುಗಳ ಬಗ್ಗೆ ನಮ್ಮ ಭಾಗದ ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ವರದಿಗಳೂ ಓದುಗರ ಪತ್ರಗಳೂ ಬರುತ್ತಿವೆ. ಎಷ್ಟು ಪಥ, ಎಲ್ಲಿ ಮೇಲ್ಸೇತುವೆ, ಎಷ್ಟು ಟೋಲ್, ಯಾವ ಊರಿಗೆ ಸರ್ವಿಸ್ ರಸ್ತೆ ಎಂಬ ಚರ್ಚೆ ಆಗಿದೆ, ಆಗಬೇಕಾದದ್ದೇ. ಆದರೆ ಈ ರಸ್ತೆಗಳಲ್ಲಿ ದೂರದಿಂದ ಬಂದು ದೂರಕ್ಕೆ ಹೋಗುವ ಕುಟುಂಬಗಳು, ಪ್ರವಾಸದ ಬಸ್ಸುಗಳು, ಸರಕಿನ ಲಾರಿಗಳು ದಣಿದಾಗ ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಎತ್ತಿದ್ದು ನನ್ನ ಗಮನಕ್ಕೆ ಬಂದಿಲ್ಲ. ಆ ಒಂದು ವಿಷಯಕ್ಕಾಗಿಯೇ ಈ ಪತ್ರ. ತುಸು ದೀರ್ಘವಾಗಿದೆ, ಆದರೂ ಪ್ರಕಟಿಸಬೇಕೆಂದು ವಿನಂತಿ.

ನಾನು ಸಾರಿಗೆ ವೃತ್ತಿಯಲ್ಲಿ ಬದುಕು ಕಳೆದು ನಿವೃತ್ತನಾದವನು. ಚಾಲಕರ ಪಾಳಿ ಹಾಕುವುದು, ವಸ್ತಿ ಬಸ್ಸುಗಳನ್ನು ಹಳ್ಳಿಗಳಿಗೆ ಕಳಿಸುವುದು, ರಾತ್ರಿ ದಾರಿಯಲ್ಲಿ ಕೆಟ್ಟು ನಿಂತ ಗಾಡಿಗೆ ಬದಲಿ ಗಾಡಿ ಒದಗಿಸುವುದು ನನ್ನ ನಿತ್ಯದ ಕೆಲಸವಾಗಿತ್ತು. ಯುರೋಪಿನಲ್ಲಿ ನೌಕರಿಯಲ್ಲಿರುವ ಮಗ, ಬೇಸಿಗೆಯ ಕೊನೆಯಲ್ಲಿ ನನ್ನನ್ನೂ ನನ್ನ ಪತ್ನಿಯನ್ನೂ ಕರೆಸಿಕೊಂಡು, ತನ್ನ ಹೆಂಡತಿ ಮಕ್ಕಳೊಂದಿಗೆ ಸ್ಪೇನ್ ದೇಶದಲ್ಲಿ ಬಾಡಿಗೆಯ ಮೋಟಾರ್‌ಹೋಮ್‌ನಲ್ಲಿ ಪ್ರವಾಸ ಮಾಡಿಸಿದ. ಮಲಗುವ ಮಂಚ, ಅಡುಗೆಯ ಒಲೆ, ಶೌಚಾಲಯ ಎಲ್ಲವೂ ಒಂದೇ ವಾಹನದೊಳಗೆ ಇರುವ ಇಂಥ ಗಾಡಿಗಳನ್ನು ಅಲ್ಲಿ ಕ್ಯಾಂಪ್‌ಸೈಟ್ ಎಂಬ ತಂಗುದಾಣದಿಂದ ಮತ್ತೊಂದು ತಂಗುದಾಣಕ್ಕೆ ಓಡಿಸಿಕೊಂಡು ಹೋಗುತ್ತಾರೆ. ಅರಮನೆ, ಚರ್ಚು, ಸಮುದ್ರ ದಂಡೆಗಳನ್ನು ನೋಡಿದೆವು, ಅವುಗಳ ವರ್ಣನೆ ಇಲ್ಲಿ ಬೇಡ. ನನ್ನ ಮನಸ್ಸಿನಲ್ಲಿ ಉಳಿದದ್ದು ಕರಾವಳಿಯ ಒಂದು ಕ್ಯಾಂಪ್‌ಸೈಟಿನಿಂದ ಒಳನಾಡಿನ ಇನ್ನೊಂದಕ್ಕೆ ಹೋದ ದೀರ್ಘ ದಾರಿ ಮತ್ತು ಆ ದಾರಿಯನ್ನು ಅವರು ವ್ಯವಸ್ಥೆ ಮಾಡಿಟ್ಟ ರೀತಿ.

ವೆಲೆನ್ಸಿಯಾ ನಗರದ ಉತ್ತರಕ್ಕೆ ಸಗುಂತೋ ಎಂಬ ಬಂದರು ಊರಿದೆ. ಅಲ್ಲಿಂದ ಎ–23 ಎಂಬ ಹೆದ್ದಾರಿ ಒಳನಾಡಿಗೆ ತಿರುಗಿ, ತೆರುಯೆಲ್ ಪಟ್ಟಣವನ್ನು ದಾಟಿ, ಎಬ್ರೊ ನದಿಯ ದಂಡೆಯ ಸರಗೋಸಾ ನಗರವನ್ನು ಸೇರುತ್ತದೆ. ದೂರ ಸುಮಾರು 300 ಕಿಲೋಮೀಟರ್. ಮೊದಲು ಕಿತ್ತಳೆ ತೋಟಗಳು, ಆಮೇಲೆ ಬಾದಾಮಿ ಗಿಡಗಳ ಇಳಿಜಾರು, ಬಳಿಕ ರಗೂದೋ ಎಂಬ ಘಟ್ಟದ ಏರು. ಕರಾವಳಿ ಬಿಟ್ಟು 60–70 ಕಿಲೋಮೀಟರ್ ಹೋಗುವಷ್ಟರಲ್ಲಿ ಗಾಡಿ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ ಸಾವಿರ ಮೀಟರ್ ಎತ್ತರದ ಬಯಲಿಗೆ ಬಂದಿರುತ್ತದೆ. ಅಲ್ಲಿಂದ ಮುಂದೆ ಕೆಂಪು ಮಣ್ಣು, ಕೊಯ್ಲಾದ ಗೋಧಿ ಹೊಲ, ದಿಬ್ಬಗಳ ನೆತ್ತಿಯ ಮೇಲೆ ಸಾಲು ಸಾಲು ಗಾಳಿಯಂತ್ರ. ಊರುಗಳು ಅಪರೂಪ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡಿರುವ ನನ್ನ ಪತ್ನಿ, ತವರಿನ ದಾರಿಯಲ್ಲೇ ಹೋದ ಹಾಗಾಗುತ್ತದೆ ಎಂದಳು. ಚಳಿಗಾಲದಲ್ಲಿ ಇದೇ ಬಯಲು ಕಠಿಣವಾಗುತ್ತದೆ. ದಾರಿಯಲ್ಲಿ ಸಿಗುವ ಕಲಮೋಚಾ ಪ್ರದೇಶದಲ್ಲಿ 1963ರ ಡಿಸೆಂಬರ್‌ನಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿದಿತ್ತು.

ಇಂಥ ಬಯಲಿನ ರಸ್ತೆಯ ಅಪಾಯ ಏನೆಂಬುದು ಚಕ್ರ ಹಿಡಿದವರಿಗೆಲ್ಲ ಗೊತ್ತು. ತಿರುವಿಲ್ಲ, ಎದುರಿನ ಗಾಡಿಯ ಕಾಟವಿಲ್ಲ, ಇಂಜಿನ್ನಿನ ಒಂದೇ ಸಮನೆಯ ಸದ್ದು, ಊಟ ಆದ ಹೊತ್ತು. ಕಣ್ಣು ತೆರೆದಿದ್ದರೂ ಚಾಲಕನ ಗಮನ ರಸ್ತೆಯ ಮೇಲಿರುವುದಿಲ್ಲ. ಸ್ಪೇನಿನ ಸಂಚಾರ ಇಲಾಖೆ ಜನರಿಗೆ ಕೊಡುವ ಸಲಹೆ ಸರಳವಾಗಿದೆ: ಎರಡು ತಾಸಿಗೊಮ್ಮೆ ಅಥವಾ 200 ಕಿಲೋಮೀಟರಿಗೊಮ್ಮೆ ಗಾಡಿ ನಿಲ್ಲಿಸಿ, ಇಳಿದು ಓಡಾಡಿ. ಸ್ವಂತ ವಾಹನದವರಿಗೆ ಇದು ಕಾನೂನಲ್ಲ, ಸಲಹೆ ಮಾತ್ರ. ಆದರೂ ನನ್ನ ಮಗ ಅದನ್ನು ಕಾನೂನಿನಂತೆ ಪಾಲಿಸಿದ. ಇನ್ನೊಂದು ಹತ್ತು ಮೈಲಿ ಹೋಗೋಣ ಎಂದು ನಾನು ಹೇಳಿದಾಗ, “ಇಲ್ಲಪ್ಪಾ, ಎರಡು ತಾಸು ಆತು, ನಿಲ್ಲಿಸಬೇಕು” ಎಂದು ಗಾಡಿಯನ್ನು ಬದಿಗೆ ತಿರುಗಿಸಿಯೇ ಬಿಟ್ಟ.

ಅವನಿಗೆ ಹಾಗೆ ತಿರುಗಿಸಲು ಸಾಧ್ಯವಾದದ್ದು ತಿರುಗಿಸುವುದಕ್ಕೆ ಜಾಗ ಇದ್ದುದರಿಂದ. ನೀಲಿ ಫಲಕದ ಮೇಲೆ ಮರ ಮತ್ತು ಮೇಜಿನ ಚಿತ್ರ. ವಿಶ್ರಾಂತಿ ಸ್ಥಳ ಇನ್ನೆಷ್ಟು ದೂರದಲ್ಲಿದೆ ಎಂಬುದು ಮುಂಚೆಯೇ ತಿಳಿಯುತ್ತದೆ. ಹೆದ್ದಾರಿಯಿಂದ ಒಂದು ಪಥ ಬೇರೆಯಾಗಿ ಒಳಗೆ ಹೋಗುತ್ತದೆ, ವೇಗ ತಗ್ಗಿಸಿಕೊಳ್ಳಲು ಸಾಕಷ್ಟು ಉದ್ದವಿರುತ್ತದೆ. ನಾವು ನಿಂತ ಒಂದು ಜಾಗವನ್ನು ನಾನು ಸುತ್ತಾಡಿ ನೋಡಿದೆ. ಲಾರಿಗಳಿಗೆ ಓರೆಯಾಗಿ ಗೆರೆ ಎಳೆದ ಪ್ರತ್ಯೇಕ ನಿಲುಗಡೆ, ಕಾರುಗಳಿಗೆ ಬೇರೆ ನಿಲುಗಡೆ, ನಡುವೆ ಕಟ್ಟೆ. ಪೈನ್ ಮರಗಳ ಕೆಳಗೆ ಸಿಮೆಂಟಿನ ಮೇಜು, ಬೆಂಚು, ಕಸದ ಡಬ್ಬಿ. ಇಷ್ಟೇ. ಅಂಗಡಿ ಇಲ್ಲ, ಹೋಟೆಲ್ ಇಲ್ಲ, ವೈಭವ ಏನೂ ಇಲ್ಲ. ಮೇಜಿನ ಮೇಲೆ ಬುತ್ತಿ ಬಿಚ್ಚಿ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಪಕ್ಕದ ಮೇಜಿನಲ್ಲಿ ಬೇರೆ ದೇಶದ ಲಾರಿ ಚಾಲಕನೊಬ್ಬ ಸಣ್ಣ ಗ್ಯಾಸ್ ಒಲೆಯ ಮೇಲೆ ಸಾರು ಕಾಸಿಕೊಳ್ಳುತ್ತಿದ್ದ. ಯುರೋಪ್ ಒಕ್ಕೂಟದ ನಿಯಮದಂತೆ ಭಾರಿ ವಾಹನದ ಚಾಲಕ ನಾಲ್ಕೂವರೆ ತಾಸು ಓಡಿಸಿದ ಮೇಲೆ 45 ನಿಮಿಷ ವಿಶ್ರಮಿಸಲೇಬೇಕು, ಗಾಡಿಯೊಳಗಿನ ಯಂತ್ರ ಅದರ ಲೆಕ್ಕ ಇಡುತ್ತದೆ. ಅವಸರವಿಲ್ಲದೆ ಊಟ ಮಾಡಿ, ತಟ್ಟೆ ತೊಳೆದು, ಸೀಟು ಹಿಂದಕ್ಕೆ ಸರಿಸಿ ಆತ ಕಣ್ಣು ಮುಚ್ಚಿದ. ನನ್ನ ವೃತ್ತಿಯ ಕಾಲದಲ್ಲಿ ನಾನು ಕಂಡ ಲಾರಿ ಚಾಲಕರಲ್ಲಿ ಎಷ್ಟು ಮಂದಿಗೆ ಇಂಥ ಒಂದು ಮಧ್ಯಾಹ್ನ ಸಿಕ್ಕಿದೆ ಎಂದು ಯೋಚಿಸಿದಾಗ ನಿಜಕ್ಕೂ ಸಂಕಟವಾಯಿತು.

ರಾತ್ರಿ ತಂಗುವ ಕ್ಯಾಂಪ್‌ಸೈಟುಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ನಮ್ಮಲ್ಲಿ ಕ್ಯಾಂಪ್ ಎಂದರೆ ರೆಸಾರ್ಟಿನ ಡೇರೆ ಎಂಬ ಭಾವನೆ ಬೆಳೆದಿದೆ. ಅಲ್ಲಿಯದು ಹಾಗಲ್ಲ. ಒಂದು ವಿಶಾಲ ಜಾಗವನ್ನು ಗಿಡಗಳ ಬೇಲಿಯಿಂದ ತುಂಡು ತುಂಡಾಗಿ ವಿಭಾಗಿಸಿ, ಪ್ರತಿ ತುಂಡಿಗೂ ಸಂಖ್ಯೆ ಕೊಟ್ಟಿರುತ್ತಾರೆ. ಬಾಗಿಲಲ್ಲಿ ಪಾಸ್‌ಪೋರ್ಟ್ ತೋರಿಸಿ, ಹೆಸರು ಬರೆಸಿ, ಕೊಟ್ಟ ಸಂಖ್ಯೆಯ ಜಾಗದಲ್ಲಿ ಗಾಡಿ ನಿಲ್ಲಿಸಬೇಕು. ಪಕ್ಕದ ಕಂಬದಲ್ಲಿ ನೀಲಿ ಬಣ್ಣದ ವಿದ್ಯುತ್ ಸಾಕೆಟ್ ಇರುತ್ತದೆ. ನಮ್ಮ ತಂತಿಯನ್ನು ಅದಕ್ಕೆ ಜೋಡಿಸಿದರೆ ಗಾಡಿಯೊಳಗೆ ದೀಪ, ಫ್ರಿಜ್ ನಡೆಯುತ್ತವೆ. ಎಲ್ಲರಿಗೂ ಸೇರಿ ಸ್ನಾನದ ಮನೆ, ಶೌಚಾಲಯ, ಪಾತ್ರೆ ತೊಳೆಯುವ ಕಟ್ಟೆ, ಬಟ್ಟೆ ತೊಳೆಯುವ ಯಂತ್ರ. ರಾತ್ರಿ ಒಂದು ಹೊತ್ತಾದ ಮೇಲೆ ಗಾಡಿ ಚಾಲೂ ಮಾಡುವಂತಿಲ್ಲ, ಗದ್ದಲ ಮಾಡುವಂತಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು ಹೊಲಸಿನ ವ್ಯವಸ್ಥೆ. ಮೋಟಾರ್‌ಹೋಮ್‌ನಲ್ಲಿ ಎರಡು ಬಗೆಯ ಕೊಳೆ ನೀರು ಶೇಖರವಾಗುತ್ತದೆ. ಸ್ನಾನ ಮಾಡಿದ, ಪಾತ್ರೆ ತೊಳೆದ ನೀರು ಗಾಡಿಯ ಅಡಿಯ ತೊಟ್ಟಿಗೆ ಹೋಗುತ್ತದೆ. ಶೌಚದ ಕೊಳೆ ಪ್ರತ್ಯೇಕ ಡಬ್ಬದಲ್ಲಿ ತುಂಬುತ್ತದೆ. ಬೆಳಿಗ್ಗೆ ಹೊರಡುವ ಮುನ್ನ ಗಾಡಿಯನ್ನು ಒಂದು ಜಾಲರಿಯ ಮೇಲೆ ತಂದು ನಿಲ್ಲಿಸಿ ಕೆಳಗಿನ ಕೊಳವೆ ತೆರೆದರೆ ಮೊದಲ ನೀರು ಚರಂಡಿಗೆ ಇಳಿಯುತ್ತದೆ. ಶೌಚದ ಡಬ್ಬವನ್ನು ಗಾಡಿಯ ಪಕ್ಕದ ಬಾಗಿಲಿನಿಂದ ಎಳೆದು, ಅದಕ್ಕೆಂದೇ ಇರುವ ಆಳವಾದ ಬೇಸಿನ್ನಿಗೆ ಸುರಿದು, ಅದರ ಪಕ್ಕದ ನಲ್ಲಿಯಿಂದ ತೊಳೆದು, ಔಷಧಿ ಹಾಕಿ ಮತ್ತೆ ಕೂಡಿಸಬೇಕು. ಕುಡಿಯುವ ನೀರಿನ ನಲ್ಲಿ ಇದರಿಂದ ದೂರದಲ್ಲಿ ಬೇರೆಯೇ ಇರುತ್ತದೆ. ದೊಡ್ಡ ಹುದ್ದೆಯವರಂತೆ ಕಾಣುವ ಹಿರಿಯರು ಕೈಗವಸು ಹಾಕಿಕೊಂಡು ತಮ್ಮ ಡಬ್ಬವನ್ನು ತಾವೇ ಹಿಡಿದು ಸಾಲಿನಲ್ಲಿ ನಿಂತಿದ್ದನ್ನು ಕಂಡೆ. ಈ ಕೆಲಸಕ್ಕೆ ಬೇರೆ ಯಾರೋ ಇದ್ದಾರೆ ಎಂಬ ಭಾವನೆ ಅಲ್ಲಿ ಇಲ್ಲ. ನಮ್ಮ ಕಡೆ ಜಾತ್ರೆ ಮುಗಿದ ಮೇಲೆ ಕೆರೆ ದಂಡೆಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂಬುದನ್ನು ಬಲ್ಲವರಿಗೆ ಈ ಮಾತು ಅರ್ಥವಾಗುತ್ತದೆ.

ಕ್ಯಾಂಪ್‌ಸೈಟಿನ ಹೊರಗೆ ಎಲ್ಲಿ ಬೇಕಾದರೂ ಡೇರೆ ಹೂಡಲು ಅಲ್ಲಿ ಅವಕಾಶವಿಲ್ಲ, ಸಮುದ್ರ ದಂಡೆಯಲ್ಲಂತೂ ಬಿಗಿ. ಆದರೆ ನಿಲ್ಲುವುದಕ್ಕೂ ಬಿಡಾರ ಹೂಡುವುದಕ್ಕೂ ನಡುವೆ ಅವರ ಸಂಚಾರ ಇಲಾಖೆ ಸ್ಪಷ್ಟವಾದ ಗೆರೆ ಎಳೆದಿದೆ. ಮೋಟಾರ್‌ಹೋಮ್ ನಿಯಮದಂತೆ ನಿಲುಗಡೆಯ ಜಾಗದಲ್ಲಿದ್ದು, ಚಕ್ರಗಳ ಹೊರತು ಬೇರೇನೂ ನೆಲಕ್ಕೆ ತಾಗದೆ, ಚಪ್ಪರ ಬಿಚ್ಚದೆ, ಕುರ್ಚಿ ಮೇಜು ಹೊರಗಿಡದೆ, ನೀರು ಹೊರಗೆ ಬಿಡದೆ ಇದ್ದರೆ, ಒಳಗೆ ಜನ ಮಲಗಿದ್ದರೂ ಅದು ನಿಲುಗಡೆಯೇ. ದಣಿದವನು ಮಲಗಲು ಹಕ್ಕಿದೆ, ಊರಿನ ಜಾಗವನ್ನು ಕೆಡಿಸಲು ಹಕ್ಕಿಲ್ಲ. ಒಳನಾಡಿನ ಅನೇಕ ಪುಟ್ಟ ಪಟ್ಟಣಗಳ ಪೌರಾಡಳಿತಗಳು ಊರ ಅಂಚಿನಲ್ಲಿ ಇಂಥ ಗಾಡಿಗಳಿಗೆ ಕೆಲವು ನಿಲುಗಡೆ, ನೀರಿನ ನಲ್ಲಿ, ಕೊಳೆ ಸುರಿಯುವ ಜಾಗ ಇವಿಷ್ಟನ್ನು ಮಾಡಿಟ್ಟು ಪ್ರವಾಸಿಗರನ್ನು ಕರೆಯುತ್ತವೆ. ಬಂದವರು ಊರೊಳಗೆ ಹೋಗಿ ಊಟ ಮಾಡುತ್ತಾರೆ, ಸಂತೆ ಮಾಡುತ್ತಾರೆ, ಗುಡಿ ಗೋಪುರ ನೋಡುತ್ತಾರೆ.

ಈಗ ನಮ್ಮ ದಾರಿಯ ಮಾತಿಗೆ ಬರುತ್ತೇನೆ. ಅಂಕೋಲಾದಿಂದ ಹೊರಟು ಅರಬೈಲ್ ಘಟ್ಟ ಏರಿ, ಯಲ್ಲಾಪುರ, ಕಲಘಟಗಿ, ಹುಬ್ಬಳ್ಳಿ, ಅಣ್ಣಿಗೇರಿ, ಗದಗ, ಲಕ್ಕುಂಡಿ, ಕೊಪ್ಪಳ ದಾಟಿ ಹೊಸಪೇಟೆ ಸೇರುವ ದಾರಿಯ ಉದ್ದವೂ 300 ಕಿಲೋಮೀಟರಿಗೆ ತುಸು ಕಡಿಮೆ. ಅದೂ ಕರಾವಳಿಯಿಂದ ಘಟ್ಟ ಹತ್ತಿ ಬಯಲಿಗೆ ಬರುವ ದಾರಿಯೇ. ಅಲ್ಲಿ ಓಹೋಸ್ ನೆಗ್ರೋಸ್ ಗಣಿಗಳ ಕಬ್ಬಿಣದ ಅದಿರು ಸಗುಂತೋ ಬಂದರಿಗೆ ರೈಲಿನಲ್ಲಿ ಇಳಿಯುತ್ತಿತ್ತು, ಆ ಹಳಿಯ ದಾರಿ ಈಗ ಸೈಕಲ್ ಪಥವಾಗಿದೆ. ಇಲ್ಲಿ ಬಳ್ಳಾರಿ ಸೀಮೆಯ ಅದಿರು ಲಾರಿಗಳಲ್ಲಿ ಇದೇ ಹೆದ್ದಾರಿಯ ಮೂಲಕ ಕರಾವಳಿಗೆ ಇಳಿದ ಕಾಲವನ್ನು ನಾವೆಲ್ಲ ಕಂಡಿದ್ದೇವೆ, ಹುಬ್ಬಳ್ಳಿ–ಅಂಕೋಲಾ ರೈಲಿಗಾಗಿ ಇಂದಿಗೂ ಕಾಯುತ್ತಿದ್ದೇವೆ. ಗೋವಾ, ಗೋಕರ್ಣ ನೋಡಿದ ಪ್ರವಾಸಿಗರು ಹಂಪಿಗೆ ಹೋಗುವುದು ಈ ರಸ್ತೆಯಲ್ಲಿಯೇ. ಹುಬ್ಬಳ್ಳಿಯಿಂದ ಹೊಸಪೇಟೆಯವರೆಗೆ ನಾಲ್ಕು ಪಥ ಆದ ಮೇಲೆ ವೇಗ ಹೆಚ್ಚಿದೆ. ಅಣ್ಣಿಗೇರಿಯಿಂದ ಮುಂದೆ ಎರೆ ಭೂಮಿಯ ನಡುವೆ ರಸ್ತೆ ನೇರವಾಗಿ, ನೆರಳಿಲ್ಲದೆ ಹೋಗುತ್ತದೆ. ಚಾಲಕನ ಕಣ್ಣೆವೆ ಭಾರವಾಗುವುದಕ್ಕೆ ತೆರುಯೆಲ್ ಬಯಲೇ ಬೇಕೆಂದಿಲ್ಲ.

ಈ ದಾರಿಯಲ್ಲಿ ಎರಡು ತಾಸಿಗೊಮ್ಮೆ ನಿಲ್ಲಬೇಕೆಂದು ನಿಶ್ಚಯಿಸಿದ ಕುಟುಂಬ ಎಲ್ಲಿ ನಿಲ್ಲಬೇಕು? ಪೆಟ್ರೋಲ್ ಪಂಪಿನಲ್ಲಿ ನಿಲ್ಲಬಹುದು, ಅಲ್ಲಿಯ ಶೌಚಾಲಯದ ಬೀಗದ ಕೈ ಕೇಳಿ ಪಡೆಯಬೇಕು, ಎಷ್ಟೋ ಕಡೆ ಹೆಣ್ಣುಮಕ್ಕಳು ಒಳಗೆ ಕಾಲಿಡಲಾರದ ಸ್ಥಿತಿ ಇರುತ್ತದೆ. ಢಾಬಾದಲ್ಲಿ ನಿಲ್ಲಬಹುದು, ಊಟ ಮುಗಿದ ಮೇಲೆ ಮೇಜು ಬಿಟ್ಟುಕೊಡಬೇಕು. ಹೀಗಾಗಿ ಬಹುತೇಕ ಗಾಡಿಗಳು ರಸ್ತೆಯ ಅಂಚಿನ ಬಿಳಿ ಗೆರೆಯ ಆಚೆ ಒಂದು ಚಕ್ರ, ಈಚೆ ಒಂದು ಚಕ್ರ ಇಟ್ಟು ನಿಲ್ಲುತ್ತವೆ. ಬೇವಿನ ಮರ ಒಂದಿದ್ದರೆ ಅದರ ಕೆಳಗೆ ನಾಲ್ಕು ಕಾರು. ಮಕ್ಕಳು ಗಾಡಿಗಳ ಹಿಂದೆ ಮುಂದೆ ಓಡಾಡುತ್ತಿರುತ್ತಾರೆ, ಪಕ್ಕದಲ್ಲಿ ಟ್ಯಾಂಕರುಗಳು ಗಾಳಿ ಎಬ್ಬಿಸಿಕೊಂಡು ಹಾಯುತ್ತಿರುತ್ತವೆ.

ಹೀಗೆ ಅಂಚಿನಲ್ಲಿ ನಿಲ್ಲುವುದರ ಬೆಲೆ ಎಷ್ಟೆಂದು ಹಾವೇರಿ ಜಿಲ್ಲೆ ಕಂಡಿದೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ, ದೇವಿಯ ದರ್ಶನ ಮುಗಿಸಿಕೊಂಡು ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನವರ ಟೆಂಪೊ ಟ್ರಾವೆಲರ್, ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. 13 ಮಂದಿ ತೀರಿಕೊಂಡರು. ಆ ಅಪಘಾತದ ತನಿಖೆಯ ಬಗ್ಗೆ ನಾನು ಏನೂ ಹೇಳುತ್ತಿಲ್ಲ, ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಆದರೆ ರಾತ್ರಿಯಿಡೀ ಓಡುವ ಪ್ರವಾಸದ ಗಾಡಿ ಮತ್ತು ರಸ್ತೆಯ ಬದಿಯಲ್ಲಿ ನಿಂತ ಲಾರಿ, ಇವೆರಡೂ ನಮ್ಮ ಹೆದ್ದಾರಿಗಳಲ್ಲಿ ಪ್ರತಿ ರಾತ್ರಿ ಎದುರಾಗುತ್ತಲೇ ಇವೆ ಎಂಬುದನ್ನು ವೃತ್ತಿಯ ಅನುಭವದಿಂದ ಹೇಳಬಲ್ಲೆ. ಅಪಾಯವಾಗುವ ರೀತಿಯಲ್ಲಿ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಸರಿಯಾದ ಮಾತು. ಹಾಗಾದರೆ ಪುಣೆಯಿಂದ ಹೊರಟು ಬೆಂಗಳೂರಿಗೆ ಹೋಗುವ ಲಾರಿಯವನಿಗೆ ನಿದ್ದೆ ಒತ್ತರಿಸಿ ಬಂದಾಗ ಹಾವೇರಿ ಜಿಲ್ಲೆಯ ಗಡಿಯೊಳಗೆ ಇಲ್ಲಿ ನಿಲ್ಲಪ್ಪಾ ಎಂದು ಸರಕಾರ ತೋರಿಸುವ ಜಾಗಗಳು ಎಷ್ಟಿವೆ? ದಂಡ ಹಾಕುವ ಮೊದಲು ಜಾಗ ತೋರಿಸಬೇಕಾದದ್ದು ನ್ಯಾಯ.

ಚಾಲಕನ ದುಡಿಮೆ ದಿನಕ್ಕೆ 8 ತಾಸು ಮೀರಬಾರದು, ಸತತ 5 ತಾಸು ದುಡಿಸುವ ಮೊದಲು ಅರ್ಧ ತಾಸಿನ ವಿಶ್ರಾಂತಿ ಕೊಡಬೇಕು ಎಂದು ನಮ್ಮ ದೇಶದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಷ್ಟು ಹಿಂದೆಯೇ ಹೇಳಿತ್ತು. ನಮ್ಮ ಹಿರಿಯರಿಗೆ ತಿಳಿವಳಿಕೆ ಇರಲಿಲ್ಲ ಎನ್ನುವಂತಿಲ್ಲ. ಆದರೆ ಆ ಅರ್ಧ ತಾಸನ್ನು ಎಲ್ಲಿ ಕಳೆಯಬೇಕು ಎಂಬುದಕ್ಕೆ ನೆಲದ ಮೇಲೆ ಉತ್ತರ ಸಿದ್ಧವಾಗಲಿಲ್ಲ. ಇನ್ನು ಸ್ವಂತ ಕಾರಿನವರಿಗೆ, ಬಾಡಿಗೆ ಟೆಂಪೊದವರಿಗೆ ಸಲಹೆಯೂ ಸರಿಯಾಗಿ ತಲುಪಿಲ್ಲ. ರಾತ್ರಿ ಊಟ ಮಾಡಿ ಹೊರಟು ಬೆಳಗಾಗುವುದರೊಳಗೆ ಮುಟ್ಟಿದೆವು ಎಂದು ಹೇಳಿಕೊಳ್ಳುವುದು ನಮ್ಮಲ್ಲಿ ಹೆಮ್ಮೆಯ ಸಂಗತಿಯಾಗಿದೆ. ಒಂದು ದಿನದ ರಜೆ ಉಳಿಸುವುದಕ್ಕಾಗಿ, ಒಂದು ರಾತ್ರಿಯ ಲಾಡ್ಜಿನ ಬಾಡಿಗೆ ಉಳಿಸುವುದಕ್ಕಾಗಿ ಜನ ರಾತ್ರಿ ಪ್ರಯಾಣ ಮಾಡುತ್ತಾರೆ. ಕಡಿಮೆ ಖರ್ಚಿನಲ್ಲಿ, ಹೆಣ್ಣುಮಕ್ಕಳೊಂದಿಗೆ ನಿರ್ಭಯವಾಗಿ, ಗಾಡಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗುವಂತಹ ಜಾಗ ದಾರಿಯಲ್ಲಿ ಇದೆ ಎಂದು ಗೊತ್ತಿದ್ದರೆ ಈ ಕುಟುಂಬಗಳಲ್ಲಿ ಎಷ್ಟೋ ರಾತ್ರಿ ನಿಂತು ಬೆಳಿಗ್ಗೆ ಹೊರಡುತ್ತವೆ ಎಂಬುದು ನನ್ನ ದೃಢವಾದ ನಂಬಿಕೆ.

ಸ್ಪೇನಿನವರು ಹುಟ್ಟಾ ಶಿಸ್ತಿನ ಜನ, ನಮ್ಮವರಿಗೆ ಅದು ಸಾಧ್ಯವಿಲ್ಲ ಎಂದು ಕೆಲವರು ಹೇಳಬಹುದು. ಅದು ನಿಜವಲ್ಲ. 1989ರಲ್ಲಿ ಆ ದೇಶದ ರಸ್ತೆಗಳಲ್ಲಿ 9 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ರಸ್ತೆಗಳನ್ನು ಸುಧಾರಿಸಿ, ವೇಗಕ್ಕೆ ಕಡಿವಾಣ ಹಾಕಿ, 2006ರಲ್ಲಿ ತಪ್ಪು ಮಾಡಿದವರ ಅಂಕ ಕಳೆಯುವ ಲೈಸೆನ್ಸ್ ಪದ್ಧತಿ ತಂದು, ಈಗ ಆ ಸಂಖ್ಯೆಯನ್ನು ವರ್ಷಕ್ಕೆ 2 ಸಾವಿರದ ಒಳಗೆ ತಂದಿದ್ದಾರೆ. ಅವರ ಜನಸಂಖ್ಯೆ 5 ಕೋಟಿಯ ಆಸುಪಾಸು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಅವರಲ್ಲಿ ಕರ್ನಾಟಕದವರೇ 11 ಸಾವಿರಕ್ಕೂ ಹೆಚ್ಚು. ತಂಗುದಾಣ ಕಟ್ಟಿದ ಮಾತ್ರಕ್ಕೆ ಇಷ್ಟೂ ಸಾವು ತಪ್ಪುತ್ತದೆ ಎಂದು ನಾನು ಹೇಳಲಾರೆ. ಆದರೆ ನಿದ್ದೆಗಣ್ಣಿನ ಚಾಲಕ ಮತ್ತು ಕತ್ತಲಲ್ಲಿ ನಿಂತ ಲಾರಿಯಿಂದ ಆಗುವ ಸಾವುಗಳಿಗೆ ಇದಕ್ಕಿಂತ ನೇರವಾದ ಪರಿಹಾರ ನನಗೆ ಕಾಣುವುದಿಲ್ಲ.

ಹಣದ ಮಾತೂ ಬರುತ್ತದೆ. ತೆರುಯೆಲ್ ಪ್ರಾಂತ್ಯವನ್ನು ನೋಡಿ. ಅದರ ವಿಸ್ತಾರ ನಮ್ಮ ಗದಗ ಜಿಲ್ಲೆಯ ಮೂರು ಪಟ್ಟು, ಜನಸಂಖ್ಯೆ ಮಾತ್ರ ಒಂದೂವರೆ ಲಕ್ಷಕ್ಕಿಂತ ಕಡಿಮೆ. ಗದಗ ಜಿಲ್ಲೆಯಲ್ಲಿ 2011ರ ಜನಗಣತಿಯಂತೆಯೇ 10 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಹಳ್ಳಿಗಳು ಖಾಲಿಯಾಗುತ್ತಿವೆ, ರಾಜಧಾನಿಯವರು ನಮ್ಮನ್ನು ಮರೆತಿದ್ದಾರೆ ಎಂಬ ನೋವು ಅಲ್ಲಿಯ ಜನರದು. ‘ತೆರುಯೆಲ್ ಕೂಡ ಇದೆ’ ಎಂಬ ಅರ್ಥದ ಹೆಸರಿಟ್ಟುಕೊಂಡು 1999ರಲ್ಲಿ ಚಳವಳಿ ಕಟ್ಟಿದರು, 2019ರಲ್ಲಿ ಸಂಸತ್ತಿಗೆ ತಮ್ಮ ಪ್ರತಿನಿಧಿಯನ್ನೂ ಕಳಿಸಿದರು. ಪ್ರಾದೇಶಿಕ ಅಸಮತೋಲನದ ಬಗೆಗಿನ ನಂಜುಂಡಪ್ಪ ಸಮಿತಿಯ ವರದಿ 2002ರಲ್ಲಿ ಬಂದ ದಿನದಿಂದ ಅದರ ಜಾರಿಗಾಗಿ ಕೇಳುತ್ತಿರುವ ಉತ್ತರ ಕರ್ನಾಟಕದವರಿಗೆ ಈ ನೋವು ಬೇರೆಯವರದು ಎನಿಸುವುದಿಲ್ಲ. ಅಂಥ ಬಡಕಲು ಪ್ರಾಂತ್ಯ ತನ್ನ ಮೂಲಕ ಹಾಯ್ದು ಹೋಗುವವರನ್ನು ಅರ್ಧ ದಿನ, ಒಂದು ರಾತ್ರಿ ನಿಲ್ಲಿಸಿಕೊಳ್ಳುವುದನ್ನು ಕಲಿತಿದೆ. ತೆರುಯೆಲ್ಲಿನಲ್ಲಿ ಹಸಿರು ಬಿಳುಪಿನ ಹೊಳಪು ಹೆಂಚು ಕೂಡಿಸಿದ ಇಟ್ಟಿಗೆಯ ಗೋಪುರಗಳಿವೆ, 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದರೆ ದಾರಿಹೋಕ ಗಾಡಿ ನಿಲ್ಲಿಸಲು ಜಾಗ ಸಿಗದಿದ್ದರೆ ಗೋಪುರವನ್ನು ಹೆದ್ದಾರಿಯಿಂದಲೇ ನೋಡಿ ಮುಂದೆ ಸಾಗುತ್ತಿದ್ದ.

ನಮ್ಮಲ್ಲಿ ಆಗುತ್ತಿರುವುದು ಅದೇ. ಗದಗ ದಾಟಿ ಹನ್ನೆರಡು ಕಿಲೋಮೀಟರಿನೊಳಗೆ ಲಕ್ಕುಂಡಿ ಇದೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬಸದಿ, ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆಯ ಬಾಗಿಲು, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಮುಸುಕಿನ ಬಾವಿ ಹೆದ್ದಾರಿಯ ಮಗ್ಗುಲಲ್ಲೇ ಇವೆ. ಶಿರಹಟ್ಟಿಯ ಕಡೆಗೆ ಹೊರಳಿದರೆ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿತು. ಹಕ್ಕಿ ನೋಡಬೇಕಾದವನು ಬೆಳಗಿನ ಜಾವ ಕೆರೆಯ ಬಳಿ ಇರಬೇಕು, ಎಂದರೆ ಹಿಂದಿನ ರಾತ್ರಿ ಹತ್ತಿರದಲ್ಲಿ ತಂಗಿರಬೇಕು. ಆದರೆ ನಾನು ಕಂಡಂತೆ ಹಂಪಿಗೆ ಹೊರಟವರಲ್ಲಿ ಬಹುಪಾಲು ಜನ ಲಕ್ಕುಂಡಿಯನ್ನು ಒಂದು ತಾಸು ನೋಡುತ್ತಾರೆ, ಮಾಗಡಿಯ ಹೆಸರನ್ನೂ ಕೇಳಿರುವುದಿಲ್ಲ. ಅವರ ಊಟ, ವಸ್ತಿ, ಖರ್ಚು ಎಲ್ಲವೂ ಮುಂದಿನ ಊರಿನ ಪಾಲು.

ತಂಗುವ ಪದ್ಧತಿ ನಮಗೆ ಹೊಸದೂ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮ ಹಳ್ಳಿಗಳ ಜನ ಹೊತ್ತು ಮುಳುಗುವ ಮೊದಲೇ ಕೆರೆ ದಂಡೆಯಲ್ಲೋ ಮಠದ ಅಂಗಳದಲ್ಲೋ ಕೊಳ್ಳು ಹರಿದು, ಎತ್ತಿಗೆ ಮೇವು ಹಾಕಿ, ಒಲೆ ಹೂಡಿ ಬಿಡಾರ ಮಾಡುತ್ತಿದ್ದರು. ಎತ್ತು ದಣಿಯುತ್ತದೆ ಎಂಬ ತಿಳಿವಳಿಕೆ ಇತ್ತು, ಆದ್ದರಿಂದ ಪ್ರಯಾಣಕ್ಕೆ ಒಂದು ಅಳತೆ ಇತ್ತು.

ಸರಕಾರದ ಕಾಗದದಲ್ಲಿ ವಿಷಯ ಇಲ್ಲವೇ ಇಲ್ಲ ಎಂದಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 40ರಿಂದ 60 ಕಿಲೋಮೀಟರಿಗೊಂದು ಪ್ರಯಾಣಿಕರ ಸೌಕರ್ಯ ಕೇಂದ್ರ ಇರಬೇಕು ಎಂಬುದು ಹೆದ್ದಾರಿ ಪ್ರಾಧಿಕಾರದ್ದೇ ಯೋಜನೆ. ಕೇರಳ ಸರಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ರೂಪಿಸಿ, ಗಾಡಿ ನಿಲ್ಲುವ ಪಾರ್ಕುಗಳಿಗೆ ಉತ್ತೇಜನ ಕೊಡಲು ಮುಂದಾಯಿತು. ನನ್ನ ಆತಂಕ ಬೇರೆ. ಇಂಥ ಯೋಜನೆಗಳು ನಮ್ಮಲ್ಲಿ ಆಹಾರ ಮಳಿಗೆಗಳ ಸಂಕೀರ್ಣವಾಗಿ ಮುಗಿಯುವ ಸಂಭವ ಹೆಚ್ಚು. ಕಾಫಿಗೆ ಕಾಸಿದ್ದವರು ಒಳಗೆ ಕೂಡುತ್ತಾರೆ, ಬುತ್ತಿ ಕಟ್ಟಿಕೊಂಡು ಬಂದ ಕುಟುಂಬವೂ ಲಾರಿಯ ಕ್ಲೀನರ್ ಹುಡುಗನೂ ಹೊರಗೆ ಉಳಿಯುತ್ತಾರೆ. ನಾನು ಸ್ಪೇನಿನಲ್ಲಿ ಕಂಡ ಮರ, ಮೇಜು, ಲಾರಿಗೆ ಓರೆ ನಿಲುಗಡೆ ಇಷ್ಟಕ್ಕೆ ದೊಡ್ಡ ಬಂಡವಾಳ ಬೇಕಾಗುವುದಿಲ್ಲ. ಅದಕ್ಕೆ ನಮ್ಮ ಅಗತ್ಯವಾದ ನೀರು, ಸ್ವಚ್ಛ ಶೌಚಾಲಯ, ರಾತ್ರಿ ಬೆಳಕು, ಒಬ್ಬ ಕಾವಲುಗಾರ ಇವಿಷ್ಟನ್ನು ಸೇರಿಸಿದರೆ ಸಾಕು. ಟೋಲ್ ಕೊಡುವ ಪ್ರತಿಯೊಬ್ಬನೂ ಇದನ್ನು ಹಕ್ಕಿನಿಂದ ಕೇಳಬಹುದು.

ಶೌಚಾಲಯದ ನಿರ್ವಹಣೆ ಯಾರದು ಎಂಬಲ್ಲಿಗೆ ಎಲ್ಲ ಯೋಜನೆಗಳೂ ನಮ್ಮಲ್ಲಿ ಮುಗ್ಗರಿಸುತ್ತವೆ, ಆದ್ದರಿಂದ ಅದನ್ನು ಮೊದಲೇ ನಿಶ್ಚಯಿಸಬೇಕು. ಹತ್ತಿರದ ಗ್ರಾಮ ಪಂಚಾಯಿತಿಯ ಮಹಿಳಾ ಸ್ವಸಹಾಯ ಸಂಘಕ್ಕೆ ನಿರ್ವಹಣೆ ವಹಿಸಿ, ತಿಂಗಳ ವೇತನವನ್ನು ಟೋಲ್ ಆದಾಯದಿಂದ ನೇರವಾಗಿ ಕೊಟ್ಟು, ಅಲ್ಲಿಯೇ ರೊಟ್ಟಿ, ಪಲ್ಯ, ಗಿರ್ಮಿಟ್, ಚಹಾ ಮಾರಲು ಅವರಿಗೇ ಅವಕಾಶ ಕೊಟ್ಟರೆ ಜಾಗವೂ ಸ್ವಚ್ಛವಿರುತ್ತದೆ, ರಾತ್ರಿ ನಿಲ್ಲುವ ಹೆಣ್ಣುಮಕ್ಕಳಿಗೂ ಧೈರ್ಯವಿರುತ್ತದೆ. ಸಂಘದವರಿಗೆ ಕೊಡುವುದು ದಾನವಾಗಬಾರದು, ಸರಿಯಾದ ಸಂಬಳವಾಗಬೇಕು. ಶೌಚದ ಕೊಳೆಯನ್ನು ಕೈಯಿಂದ ಎತ್ತುವ ಪ್ರಸಂಗ ಯಾರಿಗೂ ಬರದಂತೆ ಕಟ್ಟಡವನ್ನು ಮೊದಲಿನಿಂದಲೇ ಯೋಚಿಸಿ ಕಟ್ಟಬೇಕು.

ಜಾಗಗಳನ್ನು ಸೂಚಿಸುವುದೂ ಕಷ್ಟವಲ್ಲ. ಹೆದ್ದಾರಿ 52ರಲ್ಲಿ ಕಲಘಟಗಿಯ ಆಚೆ ಘಟ್ಟ ಏರಿ ಬಂದವರಿಗೆ ಒಂದು, ಹೆದ್ದಾರಿ 67ರಲ್ಲಿ ಅಣ್ಣಿಗೇರಿ ಮತ್ತು ಗದಗಿನ ನಡುವೆ ಒಂದು, ಲಕ್ಕುಂಡಿಯ ಹತ್ತಿರ ರಾತ್ರಿ ತಂಗಲು ಅನುಕೂಲವಾದ ತುಸು ದೊಡ್ಡದೊಂದು ಮೊದಲು ಆಗಲಿ. ಲಕ್ಕುಂಡಿಯಲ್ಲಿ ಮಾತ್ರ ಹಳೆಯ ಗುಡಿ ಬಾವಿಗಳಿಂದ ದೂರದಲ್ಲಿ, ಪುರಾತತ್ವ ಇಲಾಖೆ ಒಪ್ಪುವ ಜಾಗದಲ್ಲಿ ಆಗಬೇಕು. ಹೆದ್ದಾರಿ 48ರಲ್ಲಿ ಬಂಕಾಪುರದಿಂದ ರಾಣೆಬೆನ್ನೂರಿನವರೆಗೆ ಎರಡೂ ಬದಿಗೆ ಲಾರಿಗಳ ನಿಲುಗಡೆಗೆ ಮೊದಲ ಆದ್ಯತೆ ಸಿಗಬೇಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹಂಗಾಮಿನಲ್ಲಿ ಆ ರಸ್ತೆಯ ಲಾರಿಗಳ ಸಂಖ್ಯೆ ಹೆಚ್ಚುವುದು ಎಲ್ಲರಿಗೂ ಗೊತ್ತಿದೆ. ಬೈಪಾಸಿನ ಕಾಮಗಾರಿ ನಡೆದಿರುವಾಗಲೇ ಹುಬ್ಬಳ್ಳಿ–ಧಾರವಾಡದ ನಡುವೆಯೂ ಒಂದಕ್ಕೆ ಜಾಗ ಬಿಡಿಸಿಕೊಳ್ಳುವುದು ಸುಲಭ. ರಸ್ತೆ ಮುಗಿದು, ಬದಿಯ ಹೊಲಗಳು ಪ್ಲಾಟುಗಳಾದ ಮೇಲೆ ಒಂದು ಎಕರೆಯೂ ಸಿಗುವುದಿಲ್ಲ.

ಧಾರವಾಡ, ಗದಗ, ಹಾವೇರಿ ಈ ಮೂರೂ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಹೆದ್ದಾರಿ ಪ್ರಾಧಿಕಾರದ ಅಧಿಕಾರಿಗಳೊಂದಿಗೆ ಒಮ್ಮೆ ರಾತ್ರಿ ಹೊತ್ತು ಈ ರಸ್ತೆಗಳಲ್ಲಿ ಸಂಚರಿಸಿ, ಲಾರಿಗಳು ಈಗ ಎಲ್ಲೆಲ್ಲಿ ನಿಲ್ಲುತ್ತಿವೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಚಾಲಕರು ಸಹಜವಾಗಿ ಆರಿಸಿಕೊಂಡ ಆ ಜಾಗಗಳ ಆಸುಪಾಸಿನಲ್ಲಿಯೇ ತಂಗುದಾಣ ಆದರೆ ಅದು ಬಳಕೆಗೆ ಬರುತ್ತದೆ. ಹೆದ್ದಾರಿಯ ಮಗ್ಗುಲಿನ ಗ್ರಾಮ ಪಂಚಾಯಿತಿಗಳೂ ತಮ್ಮ ವ್ಯಾಪ್ತಿಯ ಸರಕಾರಿ ಜಮೀನಿನ ಪಟ್ಟಿ ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ಠರಾವು ಪಾಸು ಮಾಡಿ ಕಳಿಸಲಿ. ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಹೊರಡುವುದರೊಳಗೆ, ಕಟ್ಟಡ ಆಗದಿದ್ದರೂ ನೆಲ ಸಮ ಮಾಡಿ, ಫಲಕ ನೆಟ್ಟು, ದೀಪ ಹಾಕಿ, ನೀರಿನ ಟ್ಯಾಂಕರ್ ನಿಲ್ಲಿಸುವಷ್ಟು ಕೆಲಸವನ್ನಾದರೂ ಮಾಡಲು ಸಾಧ್ಯವಿದೆ.

ಇಂತಿ ನಿಮ್ಮ ಓದುಗ,
ಸಾರಿಗೆ ವೃತ್ತಿಯಿಂದ ನಿವೃತ್ತನಾದ ಹಿರಿಯ ನಾಗರಿಕ,
ಹುಬ್ಬಳ್ಳಿ